ಮೇಷ್ಟ್ರ ಕಿವಿ

ಸಿಗ್ನಲ್ಲಿನಲ್ಲಿ ನಿಂತ ಕಾರು ಗಡಗಡ ನಡುಗತೊಡಗಿದಾಗ ಸಂಗೀತ ಮೇಷ್ಟ್ರ ಎದೆಯೂ ಜೊತೆಗೇ ನಡುಗಿತು. ಆಕ್ಸಿಲರೇಟರ್ ಒತ್ತಿದರೆ ಪರವಾಗಿಲ್ಲ, ಕಾಲು ತೆಗೆದರೆ ಮತ್ತೆ ಅದೇ ನಡುಕ. ಹಿಂದಿನವರು ಹಾರ್ನ್ ಹೊಡೆದರು. ಎಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು.

ನಿನ್ನೆ ಸಂಜೆ ತಮ್ಮ ಕಾರು ತಂಬೂರಿಯ ಹಾಗೆ ಮಿಡಿಯುತ್ತಿದ್ದುದು ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು. ನಿವೃತ್ತರಾದರೂ ಕಿವಿ ನಿವೃತ್ತವಾಗಿರಲಿಲ್ಲ. ಒಂದೇ ರಾತ್ರಿಯಲ್ಲಿ ಶ್ರುತಿ ಇಷ್ಟು ಕೆಡುವುದು ಸಾಧ್ಯವೇ ಇಲ್ಲ.

ಕೆಟ್ಟರೆ ಏನಾಗುತ್ತದೆಂಬುದು ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ಕಾರು ಇನ್ನೊಂದು ಸಲ ಗ್ಯಾರೇಜಿಗೆ ಹೋದರೆ ಅಲ್ಲಿಂದ ಗುಜರಿಗೆ ಎಂದು ಹೆಂಡತಿ ಹೋದ ತಿಂಗಳು ಮಾತು ತೆಗೆದುಕೊಂಡಿದ್ದಳು. ಬರೀ ಮಾತಲ್ಲ. ಮೇಷ್ಟ್ರು ಸಹಿ ಹಾಕಿದ ಕಾಗದಗಳೂ ಕಾರಿನ ಇನ್ನೊಂದು ಚಾವಿಯೂ ಅವಳ ಬೀರುವಿನಲ್ಲಿದ್ದವು. ಬೀದಿ ಕೊನೆಯ ಗುಜರಿ ಅಂಗಡಿಯವನು, ಐದಡಿಯೂ ಇಲ್ಲದ ಕುಳ್ಳ, ಕರೆದರೆ ಹತ್ತೇ ನಿಮಿಷದಲ್ಲಿ ಬರುತ್ತೇನೆಂದು ದಿನಾ ಹಲ್ಲು ಕಿರಿದು ಹೋಗುತ್ತಿದ್ದ. ಮೂವತ್ತೊಂದು ವರ್ಷದ ಒಡನಾಟ. ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಆ ಕಾರಿನಲ್ಲಿ. ಅದನ್ನು ತಕ್ಕಡಿಗೆ ಹಾಕುವುದನ್ನು ನೆನೆದರೇ ಮೇಷ್ಟ್ರಿಗೆ ಅನ್ನ ಇಳಿಯುತ್ತಿರಲಿಲ್ಲ.

ಬೆಳಗಿನಿಂದಲೂ ಎಲ್ಲ ಎಡವಟ್ಟೇ. ಪಕ್ಕದ ಮನೆಯ ನೆಂಟರು ಬೀದಿಯುದ್ದಕ್ಕೂ, ಮೇಷ್ಟ್ರ ಮನೆ ಮುಂದೆಯೂ, ಕಾರು ನಿಲ್ಲಿಸಿದ್ದರು. ಬೈದುಕೊಳ್ಳುತ್ತಲೇ ಬಾಗಿಲಿಗೆ ಚಾವಿ ಹಾಕಿದರೆ, ಸವೆದ ಬೀಗ ಮೂರು ಸಲ ಅಲ್ಲಾಡಿಸಿದ ಮೇಲೆ ತೆರೆಯಿತು. ಒಳಗೆ ಕೂತರೆ ಮಂಡಿ ಸ್ಟಿಯರಿಂಗಿಗೆ ಬಡಿಯಿತು. ಸೀಟನ್ನು ಯಾರೋ ಮುಂದಕ್ಕೆ ಎಳೆದಿದ್ದರು. ಕನ್ನಡಿಯಲ್ಲಿ ಮೇಷ್ಟ್ರ ಅಂಗಿಯ ಗುಂಡಿಗಳು ಮಾತ್ರ ಕಂಡವು.

ಕುಳ್ಳ ಕೂತಿದ್ದಾನೆ. ಸಿಗ್ನಲ್ಲಿನ ನಡುಕದಲ್ಲಿ ಅನುಮಾನ ಖಾತ್ರಿಯಾಯಿತು. ಚಾವಿ ಕೊಟ್ಟವಳು ಇನ್ಯಾರು? ಮಾತಿಗೆ ಕಟ್ಟಿಹಾಕಿದ್ದು ಸಾಲದೆಂದು ಕಾರನ್ನೇ ಕೆಡಿಸಿಟ್ಟಿದ್ದಾಳೆ. ಮೇಷ್ಟ್ರು ಹೆಂಡತಿಗೆ ಒಂದು ಮಾತೂ ತಿಳಿಸದೆ ನೇರ ಗ್ಯಾರೇಜಿಗೆ ಹೊರಟರು.

ಮೆಕ್ಯಾನಿಕ್ ಹನ್ನೊಂದು ವರ್ಷದಿಂದ ಮೇಷ್ಟ್ರ ಕಾರಿನ ಯೋಗಕ್ಷೇಮ ನೋಡಿಕೊಂಡವನು. ಅವನದೂ ಕಿವಿಯದೇ ವಿದ್ಯೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಕಣ್ಣು ಮುಚ್ಚಿಬಿಡುತ್ತಿದ್ದ. ಇಬ್ಬರು ವಿದ್ವಾಂಸರೂ ಬಾನೆಟ್ಟಿನ ಎರಡು ಬದಿಗೆ ನಿಂತು ಕಣ್ಣು ಮುಚ್ಚಿ ಕೇಳಿದರು.

"ಇದು ನನ್ನ ಕಾರಿನ ಸ್ವರವೇ ಅಲ್ಲ" ಎಂದರು ಮೇಷ್ಟ್ರು.

ಮೆಕ್ಯಾನಿಕ್ ಒಪ್ಪಿದ. ಏರ್ ಫಿಲ್ಟರ್ ಒದರಿದ. ಕಾರ್ಬೊರೇಟರ್ ಬಿಚ್ಚಿ ತೊಳೆದ. ಗಾಳಿಯ ರಬ್ಬರ್ ಪೈಪುಗಳಿಗೆ ಸೋಪಿನ ನೀರು ಹಚ್ಚಿ ಬಿರುಕು ಹುಡುಕಿದ. ನಡುಕ ನಿಲ್ಲಲಿಲ್ಲ. ಕೊನೆಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದವನು ಹಾಗೇ ನಿಂತುಬಿಟ್ಟ. ಮುಖ ಕಪ್ಪಿಟ್ಟಿತು.

"ಮೇಷ್ಟ್ರೇ, ನೀವು ಬೇರೆಯವರ ಹತ್ರ ಹೋಗಿದ್ದೀರಿ."

ಮೇಷ್ಟ್ರು ಆಣೆ ಇಟ್ಟರು. ಅವನು ನಂಬಲಿಲ್ಲ. ಹೋದ ತಿಂಗಳು ತಾನು ಹಾಕಿದ್ದು ಹೊಸ ಪ್ಲಗ್, ಇದು ಅಜ್ಜನ ಕಾಲದ್ದು. ತಾನು ತಂತಿ ಸುತ್ತಿದ್ದ ಕಡೆ ಯಾರೋ ಕ್ಲಿಪ್ಪು ಹಾಕಿದ್ದಾರೆ. ಹನ್ನೊಂದು ವರ್ಷದ ನಂಬಿಕೆಗೆ ಇದೇನಾ ಮರ್ಯಾದೆ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಮೇಷ್ಟ್ರು ಕುಳ್ಳನ ಸಂಚು ವಿವರಿಸಿದ ಮೇಲೆ, ಒಳ್ಳೆಯ ಸಾಮಾನು ಕದ್ದು ಹಳೆಯದನ್ನು ತುರುಕಿದ್ದಾನೆಂದು ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು. ಹೊಸ ಪ್ಲಗ್ ಹಾಕಿದ್ದಾಯಿತು. ಕಾರು ನಡುಗುತ್ತಲೇ ಇತ್ತು.

ಈಗ ಮೆಕ್ಯಾನಿಕ್ ಓಡುವ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಮೂರನೆಯದನ್ನು ಕಿತ್ತಾಗ ಸದ್ದಿನಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಆ ಸಿಲಿಂಡರ್ ಕೆಲಸವನ್ನೇ ಬಿಟ್ಟಿತ್ತು. ಒತ್ತಡ ಅಳೆದು ತಲೆ ಆಡಿಸಿದ.

"ವಾಲ್ವ್ ಸುಟ್ಟಿದೆ. ಒಂದು ತಿಂಗಳಲ್ಲಿ ಹೀಗೆ ಸುಡಲ್ಲ ಮೇಷ್ಟ್ರೇ, ಎರಡು ವರ್ಷ ಬೇಕು. ನನ್ನ ಕಿವಿ ಎಲ್ಲಿ ಹೋಗಿತ್ತೋ ಕಾಣೆ. ಇನ್ನು ಇದಕ್ಕೆ ಹಿಂಸೆ ಕೊಡಬೇಡಿ."

ಇದನ್ನು ಕುಳ್ಳನ ತಲೆಗೆ ಕಟ್ಟುವಂತಿರಲಿಲ್ಲ. ಮೇಷ್ಟ್ರು ಟೈರಿನ ಮೇಲೆ ಕುಸಿದು ಕೂತರು. ಹೆಂಡತಿಯನ್ನು ಸುಮ್ಮನೆ ಅನುಮಾನಿಸಿದ್ದಕ್ಕೆ ನಾಚಿಕೆಯಾಯಿತು. ಮಾತು ಮಾತೇ. ಮನೆಗೆ ಫೋನ್ ಮಾಡಿದರು.

"ಗುಜರಿಯವನನ್ನ ಕರೆಸು. ನೀನೇ ಕೊಟ್ಟುಬಿಡು, ನಾನು ನೋಡಲಾರೆ."

ಈಗಲೇನಾ ಎಂದು ಅವಳು ಎರಡು ಸಲ ಕೇಳಿದಳು. ತಾವು ಕಾರು ತರುವಷ್ಟರಲ್ಲಿ ಅವನು ಬಂದು ಕಾದಿರಲಿ ಎಂದುಕೊಂಡು, ಈಗಲೇ ಎಂದು ಫೋನ್ ಇಟ್ಟರು. ಒಂದು ಗಂಟೆ ಕಾರಿನಲ್ಲೇ ಕೂತು ಸೀಟು ಸವರಿದರು. ಮೆಕ್ಯಾನಿಕ್ ಚಹಾ ತಂದುಕೊಟ್ಟು, ಬಾಗಿಲಿಗೆ ಹಣೆ ಹಚ್ಚಿ ಅತ್ತ.

ಕೆಮ್ಮುತ್ತ, ನಡುಗುತ್ತ ಬೀದಿಗೆ ಬಂದಾಗ ಸಂಜೆಯಾಗಿತ್ತು. ಪಕ್ಕದ ಮನೆಯ ಗೇಟಿನಲ್ಲಿ ನೆಂಟರಾಕೆಯೊಬ್ಬರು, ಗಿಡ್ಡನೆಯ ಹೆಂಗಸು, ಪೊಲೀಸಿನವನಿಗೆ ಕೈ ಬೀಸಿ ಏನೋ ಬರೆಸುತ್ತಿದ್ದರು. ಹೆಂಡತಿ ಮನೆ ಮುಂದಿನ ಖಾಲಿ ಜಾಗದಲ್ಲಿ ನಿಂತಿದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

"ಮುಕ್ಕಾಲು ಗಂಟೆ ಆಯ್ತು, ಕೊಟ್ಟುಬಿಟ್ಟೆ" ಎಂದಳು. "ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು ರೀ. ಒಂಚೂರೂ ನಡುಗಲಿಲ್ಲ, ತಂಬೂರಿ ಮೀಟಿದ ಹಾಗಿತ್ತು. ಕುಳ್ಳನಿಗೇ ಮನಸ್ಸು ಬರಲಿಲ್ಲ. ನೀವು ಹೇಳಿದ್ದೀರಿ ಅಂತ ನಾನೇ ಜಜ್ಜುವ ಮೆಷಿನ್ನಿಗೆ ಹಾಕಿಸಿದೆ."

ಸೆರಗಿನಿಂದ ಮೂಗು ಒರೆಸಿಕೊಂಡು, ಅದೇ ಬಣ್ಣದ, ಅದೇ ಮಾದರಿಯ, ಗಡಗಡ ನಡುಗುತ್ತಿದ್ದ ಕಾರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಅದಿರಲಿ, ಇದು ಯಾರ ಕಾರು?"