ಎರಡನೇ ಸಹಿ

ಸೂಕ್ಷ್ಮದರ್ಶಕದ ಕೆಳಗೆ, ಪರೀಕ್ಷೆಯ ಬಣ್ಣ ಹಾಕಿದ ಜೀವಕೋಶಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು; ಅದು ಕ್ಯಾನ್ಸರಿನ ಗುರುತು. ಗರ್ಭಕಂಠದ ಆ ತುಣುಕು ಲ್ಯಾಬಿನಲ್ಲೇ ಕಸ ಗುಡಿಸುವ ಅಕ್ಕನದು.

"ವೈರಸ್ಸಿನ ಕಿತಾಪತಿ ನೋಡು," ಎಂದರು ಡಾಕ್ಟರು, ಕಣ್ಣು ಎತ್ತದೆ. "ಗಡ್ಡೆ ಬೆಳೆಯದಂತೆ ಕಾಯೋ ಪ್ರೋಟೀನನ್ನ ಅದು ತಾನೇ ಕೊಲ್ಲಲ್ಲ. ಜೀವಕೋಶದ ಕೈಯಿಂದಲೇ ಅದಕ್ಕೆ ಕಸ ಅಂತ ಚೀಟಿ ಅಂಟಿಸಿ ಎಸೆಯೋ ಹಾಗೆ ಮಾಡುತ್ತೆ. ಇದು ವರ್ಷಗಟ್ಟಲೆ ನಡೆದಿದೆ. ಹಳೇ ವರದಿ ತೆಗಿ."

ಟೆಕ್ನಿಷಿಯನ್ ಹುಡುಗಿ ಮೂರು ವರ್ಷದ ಹಿಂದಿನ ಹಾಳೆ ತೆಗೆದಳು. 'ದೋಷವಿಲ್ಲ.' ಕೆಳಗೆ ಎರಡು ಸಹಿ. ಒಬ್ಬರು ನೋಡಿದ ಸ್ಲೈಡನ್ನು ಇನ್ನೊಬ್ಬರು ಮತ್ತೆ ನೋಡಿಯೇ ಸಹಿ ಹಾಕಬೇಕೆಂಬುದು ಇಲ್ಲಿಯ ನಿಯಮ. ಅವತ್ತು ಸ್ಲೈಡುಗಳು ರಾಶಿ ಬಿದ್ದಿದ್ದವು. ಸಹೋದ್ಯೋಗಿಗೆ ತೋರಿಸದೆ ಅವರ ಸಹಿಯನ್ನೂ ಹುಡುಗಿ ತಾನೇ ಗೀಚಿದ್ದಳು. ಈಗ ಅವಳ ಹೆಬ್ಬೆರಳು ತಾನಾಗಿ ಹೋಗಿ ಆ ಸಹಿಯ ಮೇಲೆ ಕೂತಿತು.

ಪೊರಕೆ ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತಳು. "ಏನಿದು, ಇಬ್ಬರ ಮುಖಾನೂ ಹರಳೆಣ್ಣೆ ಕುಡಿದ ಹಾಗಿದೆ? ನಂದು ತಾನೇ? ಹೋದ ಸಲ ಇಬ್ಬಿಬ್ಬರು ನೋಡಿ ಏನಿಲ್ಲ ಅಂದಿದ್ರಲ್ಲ. ಅದೇ ಧೈರ್ಯದ ಮೇಲೆ, ರಕ್ತ ಹೋದ್ರೂ ಸುಮ್ಮನಿದ್ದೆ ತಾಯಿ."

ಡಾಕ್ಟರು ಹಾಳೆಗಾಗಿ ಕೈ ಚಾಚಿದರು. ಹುಡುಗಿ ಹೆಬ್ಬೆರಳು ತೆಗೆದಳು.

"ಇಬ್ಬರು ನೋಡಿರಲಿಲ್ಲ ಅಕ್ಕ," ಎಂದಳು. "ನಾನೊಬ್ಬಳೇ."