ಇಳಿಯದ ದೋಷ

ಕಂಪ್ಯೂಟರಿನ ಪರದೆಯ ಮೇಲೆ ದೋಷದ ಪ್ರಮಾಣ ತೋರಿಸುವ ಗೆರೆ ಸರ್ರನೆ ಕೆಳಗಿಳಿದದ್ದೇ ಸಂತೋಷಕುಮಾರ ಕುರ್ಚಿ ಬಿಟ್ಟೆದ್ದ. "ಅತ್ತೀ, ಬಂತ್ರಿ! ವಾರಗಟ್ಲೆ ಹಿಡೀತಿದ್ದ ಕೆಲಸ ತಾಸಿನ್ಯಾಗ ಮುಗೀತು!"

ಹೊರಗೆ ಮಂಚದ ಮೇಲಿದ್ದ ಮಗಳು ವಿದ್ಯಾವತಿಗೆ ಗಂಜಿ ಕುಡಿಸುತ್ತಿದ್ದ ಅತ್ತೆ ಸುಭದ್ರಾಬಾಯಿ ತಲೆ ಎತ್ತಲಿಲ್ಲ. "ಈಗ ಬಂದ್ರ ಏನ್ ಮಾಡೂದ್ರಿ? ಅಕಿ ದನೀನೇ ಹೋಗ್ಯಾದ."

ಆಳಂದದ ಕಾಲೇಜಿನಲ್ಲಿ ಅವನು ಗಣಿತದ ಮೇಷ್ಟ್ರು. ನರಗಳ ರೋಗ ಬಂದು ಹೆಂಡತಿ ವಿದ್ಯಾವತಿಯ ಮಾತು ತೊದಲತೊಡಗಿದಾಗ, ಅದನ್ನು ಅಕ್ಷರಕ್ಕಿಳಿಸುವಂತೆ ಒಂದು ನ್ಯೂರಲ್ ನೆಟ್‌ವರ್ಕಿಗೆ, ಅಂದರೆ ಉದಾಹರಣೆಗಳಿಂದ ಕಲಿಯುವ ಯಂತ್ರಕ್ಕೆ, ಕಲಿಸಲು ಹೊರಟಿದ್ದ. ಹಳೆಯ ಕಂಪ್ಯೂಟರು ಕಲಿತು ಮುಗಿಸುವಷ್ಟರಲ್ಲಿ ಆಕೆಯ ನಾಲಿಗೆ ಇನ್ನಷ್ಟು ಬಿಗಿದು, ಕಲಿತದ್ದೆಲ್ಲ ಹಳತಾಗುತ್ತಿತ್ತು. ಆಗ ಬೇಗ ಕಲಿಸುವ ಲೆಕ್ಕದ ಬೆನ್ನು ಹತ್ತಿದ. ದೋಷದ ಗೆರೆಯ ಇಳಿಜಾರನ್ನಷ್ಟೇ ನೋಡಿ ಸಣ್ಣ ಸಣ್ಣ ಅಡಿಯಿಡದೆ, ಮುಂದೆ ಅದು ಎತ್ತ ಬಾಗುತ್ತದೆಂದು ಅಂದಾಜು ಮಾಡಿ ದೊಡ್ಡ ಹೆಜ್ಜೆ ಹಾಕುವ ಲೆಕ್ಕ. ಕಾಲೇಜಿನಿಂದ ಬಂದವನೇ ಕಂಪ್ಯೂಟರಿನ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ. "ಕರ್ಯಾಕತ್ತಾಳ ನೋಡ್ರಿ" ಎಂದು ಅತ್ತೆ ಕೂಗಿದರೆ, "ತಡೀರಿ, ಇನ್ನ ಸ್ವಲ್ಪ ಅದ" ಎನ್ನುತ್ತಿದ್ದ.

ಯಂತ್ರಕ್ಕೆ ಕಲಿಸಲು ಅವನು ಬರೆದುಕೊಟ್ಟ ವಾಕ್ಯಗಳನ್ನು ವಿದ್ಯಾವತಿ ಓದಬೇಕಿತ್ತು, ಫೋನು ಅದನ್ನು ಮುದ್ರಿಸಿಕೊಳ್ಳಬೇಕಿತ್ತು. ಮೊದಮೊದಲಿನ ಧ್ವನಿಮುದ್ರಣಗಳು, ಯಂತ್ರ ಅಕ್ಷರಕ್ಕಿಳಿಸಿದಾಗ, ಅವನ ವಾಕ್ಯಗಳಿಗೆ ಹೇಗೋ ಹೊಂದುತ್ತಿದ್ದವು. ದನಿ ನಿಲ್ಲುವ ಮುಂಚಿನ ತಿಂಗಳಿನವು ಮಾತ್ರ ಒಂದೂ ಹೊಂದುತ್ತಿರಲಿಲ್ಲ. ಲೆಕ್ಕದಲ್ಲೇ ಕೊರತೆಯಿದೆಯೆಂದು ಅವನು ಮತ್ತೆ ಮತ್ತೆ ತಿದ್ದುತ್ತಿದ್ದ.

ಈಗ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಯಂತ್ರ ಅಕ್ಷರ ತಪ್ಪದೆ ಬರೆಯಿತು. ಕಡೆಯ ತಿಂಗಳಿನದೊಂದನ್ನು ಹಚ್ಚಿದ. ಅವನು ಕೊಟ್ಟಿದ್ದ ವಾಕ್ಯ: ಅಫಜಲಪುರದ ಬಸ್ಸು ಬಂತು. ಪರದೆಯ ಮೇಲೆ ಮೂಡಿದ್ದು: ಇಲ್ಲಿ ಬಂದು ಕುಂದರ್ರಿ.

ಇನ್ನೊಂದು ಹಚ್ಚಿದ. 'ಇಜೇರಿಯಲ್ಲಿ ತೊಗರಿ ರಾಶಿ ಆಯಿತು' ಎಂದಿರಬೇಕಿತ್ತು. ಪರದೆಯ ಮೇಲೆ 'ಅದು ಬಿಡ್ರಿ, ನನ್ ಹತ್ರ ಬರ್ರಿ' ಎಂದಿತ್ತು.

ಯಂತ್ರವನ್ನು ನಂಬದೆ ತಾನೇ ಕಿವಿಗೊಟ್ಟು ಕೇಳಿದ. ಮುದ್ದೆಯಾಗಿ ಹೊರಬರುತ್ತಿದ್ದ ಆ ದನಿಯೊಳಗೆ ಈಗ ಅವನಿಗೂ ಅದೇ ಕೇಳಿಸಿತು.

ಹೊರಗೆ ಬಂದು ಮಂಚದ ಅಂಚಿಗೆ ಕೂತ. ಹೆಂಡತಿಯ ತಣ್ಣನೆಯ ಕೈ ಹಿಡಿದುಕೊಂಡ. "ವಿದ್ಯಾ, ನಾ ಬರ್ದು ಕೊಟ್ಟಿದ್ದು ನೀ ಓದಾಕತ್ತಿದ್ದಿಲ್ಲೇನು?"

ಆಕೆಗೆ ಆಡಿಸಲು ಬರುತ್ತಿದ್ದುದು ಕಣ್ಣೊಂದೇ. ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ರೆಪ್ಪೆ ಮುಚ್ಚಿದಳು.

ಅದು ಹೌದೆಂಬುದೋ, ಇನ್ನು ಸಾಕೆಂಬುದೋ, ಸಂತೋಷಕುಮಾರನಿಗೆ ತಿಳಿಯಲಿಲ್ಲ.