ಕಾಡಿನಲ್ಲಿ ಉಳಿದಿದ್ದ ಒಂದೇ ರೂಮು

ಅನುಪಮಾ ಮುದ್ದೆ ತೊಳಸುತ್ತಿರುವಾಗ ಗಂಡ ಪಾಲಾಕ್ಷ ಮೊಬೈಲ್ ಹಿಡಿದು ಅಡುಗೆಮನೆಗೇ ಬಂದ. "ಬಂಡೀಪುರದ ಲಾಡ್ಜಲ್ಲಿ ಒಂದೇ ರೂಮು ಉಳ್ದೈತೆ ಕಣೇ. ನಾಳೆಗೇ ಹೊರಡಾನ. ಸುತ್ತ ಬರೀ ಕಾಡು, ಸಿಗ್ನಲ್ಲೂ ಇಲ್ವಂತೆ. ನೀನು ಕಿರುಚ್ಕಂಡ್ರೂ ಆನೆಗಳೇ ಕೇಳ್ಬೇಕು!" ಎಂದು ನಕ್ಕ.

ಅವಳ ಕೋಲು ನಿಂತಿತು. ಮಧುಗಿರಿಯ ಈ ಮನೆಯಲ್ಲಿ ಅವನ ಕೈ ಎದ್ದಾಗಲೆಲ್ಲ ಪಕ್ಕದ ಮನೆಯ ಜಯಕ್ಕ ಗೋಡೆ ಬಡಿದು, "ಅನುಪಮಾ, ವಸಿ ಹೆಪ್ಪು ಕೊಡೇ" ಎಂದು ಕೂಗುತ್ತಿದ್ದಳು. ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೇಳುವುದಿಲ್ಲ. ಜಯಕ್ಕ ಕೇಳುತ್ತಿದ್ದಳು, ಎತ್ತಿದ ಕೈ ಇಳಿಯುತ್ತಿತ್ತು.

"ನಿನ್ ಫೋನಿಗೆ ಓಟಿಪಿ ಬಂದೈತೆ, ಬೇಗ ಹೇಳು. ತಡ ಆದ್ರೆ ಇನ್ಯಾರೋ ಬುಕ್ ಮಾಡ್ಕಂಬುಡ್ತಾರೆ."

ಹಿಟ್ಟು ಮೆತ್ತಿದ ಕೈಯಲ್ಲೇ ಫೋನ್ ಎತ್ತಿಕೊಂಡಳು. ಅಂಕಿಗಳನ್ನು ಒಂದೊಂದಾಗಿ ಓದಿದಳು. ಕೊನೆಯದು ಮೂರು. "ಎಂಟು" ಎಂದು ಹೇಳಿ, ಅವನು ತಲೆ ಎತ್ತುವುದರೊಳಗೆ ಆ ಮೆಸೇಜನ್ನು ಅಳಿಸಿದಳು.